ಪವರ್ ಬ್ಯಾಂಕ್: ಹಿಂಬದಿಯ ಸಣ್ಣಕ್ಷರ ಓದಿ

ಪವರ್ ಬ್ಯಾಂಕ್ ಕೊಳ್ಳುವಾಗ ಮುಂಭಾಗದ ದಪ್ಪಕ್ಷರದ 10,000 ಎಂಎಎಚ್ (ವಿದ್ಯುತ್ ಸಂಗ್ರಹದ ಅಳತೆ) ನೋಡಿ ಮರುಳಾಗಬೇಡಿ. ಹಿಂಬದಿ ತಿರುಗಿಸಿ, ಕಣ್ಣು ಕಿರಿದಾಗಿಸಿಯಾದರೂ ‘ರೇಟೆಡ್ ಕೆಪಾಸಿಟಿ’ (ನಿಜಕ್ಕೂ ಹೊರಗೆ ಸಿಗುವ ಪ್ರಮಾಣ) ಎಂಬ ಸಾಲನ್ನು ಓದಿ. ದಪ್ಪಕ್ಷರದ್ದು ಒಳಗಿನ ಸೆಲ್‌ನ ಲೆಕ್ಕ, ಸುಮಾರು 3.7 ವೋಲ್ಟ್‌ನಲ್ಲಿ. ಯುಎಸ್‌ಬಿಯಿಂದ ಹೊರಬರುವುದು 5 ವೋಲ್ಟ್. ವೋಲ್ಟೇಜ್ ಏರಿಸಿದಷ್ಟೂ ಎಂಎಎಚ್ ಇಳಿಯುತ್ತದೆ, ಒಂದಿಷ್ಟು ಶಕ್ತಿ ಬಿಸಿಯಾಗಿಯೂ ಸೋರುತ್ತದೆ. ಹಾಗಾಗಿ ಮೊಬೈಲ್‌ಗೆ ದಕ್ಕುವುದು 6,000ದ ಆಸುಪಾಸು. ಇದು ಮೋಸವೇನಲ್ಲ, ಜಾಣ ಮುದ್ರಣ ಅಷ್ಟೇ. ಎರಡು ಪವರ್ ಬ್ಯಾಂಕ್‌ಗಳನ್ನು ಹೋಲಿಸುವಾಗ ಎರಡರ ರೇಟೆಡ್ ಅಂಕಿಯೂ 5 ವೋಲ್ಟ್‌ನದೇ ಎಂದು ಖಚಿತಪಡಿಸಿಕೊಳ್ಳಿ. ವೇಗದ ಚಾರ್ಜಿಂಗ್‌ನಲ್ಲಿ ವೋಲ್ಟೇಜ್ 9ಕ್ಕೆ ಏರಿದರೆ ಈ ಲೆಕ್ಕವೂ ಕೈಕೊಡುತ್ತದೆ. ಇನ್ನು, ಆ ಸಾಲನ್ನೇ ಮುದ್ರಿಸದ ಪವರ್ ಬ್ಯಾಂಕನ್ನು ನಾನಂತೂ ಮುಟ್ಟುವುದಿಲ್ಲ.