ರೋಟರಿ ವಾರದ ಸಭೆ: ಹೊಸ ಕಾರ್ಯದರ್ಶಿಗಳಿಗೆ ಒಂದಿಷ್ಟು ಮಾತು

ಸಮಾಜಸೇವೆಯ ಕ್ಲಬ್ಬುಗಳ ಸಂಸ್ಥೆಯಾದ ರೋಟರಿಗೆ ಜುಲೈ 1ಕ್ಕೆ ಹೊಸ ವರ್ಷ ಶುರು. ಪದಗ್ರಹಣ, ಹಾರ, ಫೋಟೊ ಎಲ್ಲ ಮುಗಿದು ಉಸಿರು ಬಿಡುವಷ್ಟರಲ್ಲಿ ಮೊದಲ ವಾರದ ಸಭೆ ಬಂದೇ ಬಿಡುತ್ತದೆ. ಹೊಸ ಕಾರ್ಯದರ್ಶಿಗೆ ಗಾಬರಿ ಆಗುವುದು ಆಗಲೇ. ನಮ್ಮ ಊರಿನ ಕ್ಲಬ್ಬಿನಲ್ಲಿ ನಾನೂ ಆ ಕೆಲಸ ಮಾಡಿದ್ದೇನೆ. ಸಭೆ ಹೇಗೆ ನಡೆಸಬೇಕು ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು, ಮಾತಾಡಲು ಕರೆದ ಅತಿಥಿಗೆ ಇಟ್ಟ ಸಮಯವನ್ನು ಬೇರೆ ಯಾವುದೂ ತಿನ್ನದ ಹಾಗೆ ನೋಡಿಕೊಳ್ಳಿ ಎಂದು.

ಇದು ನಾವು ತಪ್ಪು ಮಾಡಿ ಕಲಿತದ್ದು. ಒಮ್ಮೆ ಹಳ್ಳಿ ಶಾಲೆಯ ಮುಖ್ಯ ಶಿಕ್ಷಕಿಯೊಬ್ಬರನ್ನು ಕರೆದಿದ್ದೆವು. ಸ್ವಾಗತ, ಸನ್ಮಾನ, ಹುಟ್ಟುಹಬ್ಬದ ಶುಭಾಶಯ, ರೋಟರಿ ಜಿಲ್ಲೆಯಿಂದ ಬಂದ ಸುತ್ತೋಲೆ ಓದುವುದು ಅಂತ ಮುಕ್ಕಾಲು ಗಂಟೆ ಹೋಯಿತು. ಅವರಿಗೆ ಕೊನೆಯ ಬಸ್ಸು ಹಿಡಿಯಬೇಕಿತ್ತು. ಐದು ನಿಮಿಷ ಮಾತಾಡಿ ಎದ್ದರು. ಶಾಲೆಯ ಶೌಚಾಲಯಕ್ಕೆ ಎರಡು ತಿಂಗಳಿಂದ ನೀರಿಲ್ಲ ಎಂದು ಅವರು ಹೇಳಿದ್ದು ಬಸ್ ಸ್ಟ್ಯಾಂಡಿಗೆ ಬಿಡಲು ಹೋದ ಸದಸ್ಯರ ಹತ್ತಿರ, ಸ್ಕೂಟರ್ ಹಿಂದೆ ಕೂತು. ಮೂವತ್ತು ಜನ ಕೇಳಬೇಕಾಗಿದ್ದ ಮಾತು ಅದು.

ಹಾಗಾಗಿ ತಯಾರಿ ಎರಡು ದಿನ ಮೊದಲೇ ಶುರುವಾಗಲಿ. ವಾಟ್ಸಾಪ್ ಗುಂಪಿಗೆ ಮೆಸೇಜ್ ಹಾಕಿ ಸುಮ್ನೆ ಕೂರಬೇಡಿ, ಎಲ್ಲರೂ ಹೆಬ್ಬೆರಳು ತೋರಿಸುತ್ತಾರೆ, ಬರುವವರು ಹತ್ತೇ ಜನ. ಫೋನ್ ಮಾಡಿ ಕೇಳಿ. ತಿಂಡಿಗೆ ಎಷ್ಟು ಜನ ಎಂಬ ಲೆಕ್ಕವೂ ಆಗಲೇ ಸಿಗುತ್ತದೆ. ಅತಿಥಿಗೆ ಫೋನ್ ಮಾಡಿದಾಗ ಇಪ್ಪತ್ತು ನಿಮಿಷ ಮಾತು, ಹತ್ತು ನಿಮಿಷ ಪ್ರಶ್ನೆ ಎಂದು ಸ್ಪಷ್ಟವಾಗಿ ಹೇಳಿ. ಹೇಗೆ ಬರುತ್ತಾರೆ, ಹೇಗೆ ಹೋಗುತ್ತಾರೆ ಅಂತಲೂ ಕೇಳಿ. ಗಂಟೆ, ಸುತ್ತಿಗೆ, ಬ್ಯಾನರ್, ಅಧ್ಯಕ್ಷರು ಕೊರಳಿಗೆ ಹಾಕುವ ಕಾಲರ್ ಇವೆಲ್ಲ ಸಾರ್ಜೆಂಟ್ ಅಟ್ ಆರ್ಮ್ಸ್, ಅಂದರೆ ಸಭೆಯ ವ್ಯವಸ್ಥೆ ನೋಡಿಕೊಳ್ಳುವ ಸದಸ್ಯರ ಜವಾಬ್ದಾರಿ. ಮೈಕ್ ಮಾತ್ರ ನೀವೇ ಒಮ್ಮೆ ನೋಡಿಬಿಡಿ.

ನಮ್ಮಲ್ಲಿ ಏಳಕ್ಕೆ ಫೆಲೋಶಿಪ್, ಅಂದರೆ ಕಾಫಿ, ಬೋಂಡ, ಹರಟೆ. ಏಳೂಕಾಲಿಗೆ ಅಧ್ಯಕ್ಷರು ಗಂಟೆ ಬಾರಿಸುತ್ತಾರೆ, ಎಂಟು ಇಪ್ಪತ್ತಕ್ಕೆ ರಾಷ್ಟ್ರಗೀತೆ. ಐದೇ ಜನ ಇದ್ದರೂ ಗಂಟೆ ಬಾರಿಸಿ. ಮೂರು ವಾರ ಹೀಗೆ ಮಾಡಿದರೆ ನಾಲ್ಕನೇ ವಾರ ತಡವಾಗಿ ಬರುವವರೂ ಬೇಗ ಬರುತ್ತಾರೆ. ಇದರಲ್ಲಿ ಇನ್ನೊಂದು ವಿಷಯವೂ ಇದೆ. ರೋಟರಿ ಮಹಿಳೆಯರಿಗೆ ಬಾಗಿಲು ತೆರೆದದ್ದು 1989ರಲ್ಲಿ. ಆದರೆ ನಮ್ಮಂಥ ಸಣ್ಣ ಊರಿನಲ್ಲಿ ಸಭೆ ಹತ್ತು ಗಂಟೆಯವರೆಗೆ ಎಳೆದರೆ ಅವರು ಬರುವುದಾದರೂ ಹೇಗೆ, ಅಲ್ವಾ?

ಶುರುವಿಗೆ, ನಾವು ಯೋಚಿಸುವ, ಹೇಳುವ, ಮಾಡುವ ವಿಷಯಗಳನ್ನು ಒರೆಗೆ ಹಚ್ಚುವ ನಾಲ್ಕು ಪ್ರಶ್ನೆಗಳ ಪರೀಕ್ಷೆ ಓದುವ ರೂಢಿ ಎಷ್ಟೋ ಕ್ಲಬ್ಬುಗಳಲ್ಲಿದೆ. ಹರ್ಬರ್ಟ್ ಟೇಲರ್ ಎಂಬವರು 1932ರಲ್ಲಿ, ಮುಳುಗುತ್ತಿದ್ದ ಕಂಪನಿಯೊಂದನ್ನು ಎತ್ತಿ ನಿಲ್ಲಿಸಲು ಹೊರಟಾಗ ಬರೆದದ್ದು ಅದು. ದಯವಿಟ್ಟು ಕನ್ನಡದಲ್ಲಿ ಓದಿಸಿ, ನಿಧಾನವಾಗಿ. ಇದು ಸತ್ಯವೇ? ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ? ಇದರಿಂದ ಸ್ನೇಹ, ಒಳ್ಳೆಯ ಮನಸ್ಸು ಬೆಳೆಯುತ್ತದೆಯೇ? ಎಲ್ಲರಿಗೂ ಒಳ್ಳೆಯದಾಗುತ್ತದೆಯೇ? ಹೊಸ ಸದಸ್ಯರಿಗೆ ಇದನ್ನು ಓದಲು ಕೊಡಿ, ಮೈಕ್ ಮುಂದೆ ನಿಲ್ಲುವ ಅಂಜಿಕೆ ಅಲ್ಲಿಗೇ ಅರ್ಧ ಹೋಗುತ್ತದೆ.

ಆಮೇಲೆ ನಿಮ್ಮ ವರದಿ, ಐದು ನಿಮಿಷ. ಹೋದ ವಾರ ಏನಾಯಿತು, ಎಷ್ಟು ಖರ್ಚಾಯಿತು, ಮುಂದಿನ ವಾರ ಯಾರು ಏನು ಮಾಡುತ್ತಾರೆ. 'ಕಣ್ಣಿನ ತಪಾಸಣೆ ಶಿಬಿರದ ಕೆಲಸ ನಡೆಯುತ್ತಿದೆ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾರು, ಯಾವತ್ತು, ಎಲ್ಲಿಗೆ ಎಂದು ಹೆಸರು ಹಿಡಿದು ಹೇಳಿ. ಪೋಲಿಯೊ ಭಾನುವಾರಗಳಲ್ಲಿ ಯಾವ ಬೂತಿಗೆ ಯಾರು ಎಂದು ನಾವು ಹಂಚಿಕೊಳ್ಳುತ್ತಿದ್ದದ್ದು ಹೀಗೆಯೇ. 2011ರ ಜನವರಿಯ ನಂತರ ನಮ್ಮ ದೇಶದಲ್ಲಿ ಪ್ರಕೃತಿಯಲ್ಲಿ ತಾನಾಗಿ ಹರಡುವ ವೈರಸ್ಸಿನಿಂದ ಒಂದು ಮಗುವಿಗೂ ಪೋಲಿಯೊ ಬಂದಿಲ್ಲ ಎಂದು ನೆನೆದಾಗಲೆಲ್ಲ ನನಗೆ ಆ ಪಟ್ಟಿಗಳೇ ಕಣ್ಣ ಮುಂದೆ ಬರುತ್ತವೆ.

ಅತಿಥಿಯ ಪರಿಚಯ ಎರಡು ನಿಮಿಷ ಸಾಕು. ವಂದನಾರ್ಪಣೆ ಮಾಡುವವರು ಭಾಷಣವನ್ನೇ ಮತ್ತೆ ಹೇಳುವುದು ಬೇಡ. ಮಾತು ಮುಗಿದ ಕೂಡಲೇ ಅಧ್ಯಕ್ಷರು ಒಂದು ಪ್ರಶ್ನೆ ಕೇಳಲಿ: ಇದರಲ್ಲಿ ನಮ್ಮ ಕೈಲಿ ಆಗುವಂಥದ್ದು ಏನು? ರಕ್ತನಿಧಿಯವರು ಬಂದಾಗ ಹಾಗೇ ಕೇಳಿದೆವು. ವರ್ಷಕ್ಕೊಮ್ಮೆ ದೊಡ್ಡ ಶಿಬಿರ ಮಾಡುವುದು ಒಳ್ಳೆಯದೇ, ಆದರೆ ಕೆಂಪು ರಕ್ತಕಣ ಐದಾರು ವಾರಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ, ವರ್ಷವಿಡೀ ಸ್ವಲ್ಪ ಸ್ವಲ್ಪ ಬರುತ್ತಿದ್ದರೆ ಅನುಕೂಲ ಅಂದರು. ಅವತ್ತೇ ಒಂದು ನೋಟ್ ಪುಸ್ತಕ ಮಾಡಿದೆವು. ಹೆಸರು, ಗುಂಪು, ಕೊನೆಯ ಬಾರಿ ಕೊಟ್ಟ ದಿನ. ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಅಂತರ ಬೇಕು, ಆದ್ದರಿಂದ ಆ ದಿನಾಂಕ ಬರೆಯದೆ ಬಿಡಬಾರದು.

2016ರಿಂದ ವಾರ ವಾರ ಸೇರಲೇಬೇಕು ಎಂಬ ಕಟ್ಟುನಿಟ್ಟಿಲ್ಲ, ತಿಂಗಳಿಗೆ ಎರಡು ಸಭೆ ಆದರೂ ನಡೆಯುತ್ತದೆ. ನಾನಂತೂ ವಾರದ ಪರವೇ. ಹದಿನೈದು ದಿನಕ್ಕೊಂದು ಸಭೆ ಇಟ್ಟು ಅದೂ ಒಂದು ತಪ್ಪಿದರೆ ತಿಂಗಳೇ ಹೋಯಿತು. ಬೇಸರ ಬರುತ್ತದೆ ಎನ್ನುವವರಿಗೆ ಒಂದು ದಾರಿ ಇದೆ. 1905ರಲ್ಲಿ ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಮತ್ತು ಗೆಳೆಯರು ಒಬ್ಬೊಬ್ಬರ ಆಫೀಸಿನಲ್ಲಿ ಸರದಿಯಂತೆ (ಇಂಗ್ಲಿಷಿನಲ್ಲಿ ರೊಟೇಶನ್) ಸೇರುತ್ತಿದ್ದರು, ರೋಟರಿ ಎಂಬ ಹೆಸರು ಬಂದದ್ದೇ ಅದರಿಂದ. ನೀವೂ ತಿಂಗಳಿಗೊಂದು ಸಭೆಯನ್ನು ಸದಸ್ಯರೊಬ್ಬರ ಜಾಗದಲ್ಲಿ ಇಡಿ. ನಾವು ಅಡಿಕೆ ಮಂಡಿಯಲ್ಲಿ ಮೂಟೆಗಳ ನಡುವೆ ಕೂತು ಸಭೆ ಮಾಡಿದ್ದೇವೆ. ಅವತ್ತು ಎಂದೂ ಬಾಯಿ ಬಿಡದವರು ಅರ್ಧ ಗಂಟೆ ಮಾತಾಡಿದರು.

ನಡಾವಳಿಯನ್ನು ಅದೇ ರಾತ್ರಿ ಬರೆದುಬಿಡಿ, ಬೆಳಿಗ್ಗೆಗೆ ಅರ್ಧ ಮರೆತಿರುತ್ತದೆ. ಹಾಜರಿ ಪುಸ್ತಕ ನೋಡಿ ಎರಡು ವಾರ ಬಾರದವರಿಗೆ ಫೋನ್ ಮಾಡಿ. ಯಾಕೆ ಬರಲಿಲ್ಲ ಅನ್ನಬೇಡಿ, ಆರಾಮಾ ಅಂತ ಕೇಳಿ. ನಮ್ಮ ಸದಸ್ಯರೊಬ್ಬರ ತಾಯಿ ಆಸ್ಪತ್ರೆ ಸೇರಿದ್ದು ಗೊತ್ತಾದದ್ದು ಅಂಥ ಒಂದು ಫೋನಿನಲ್ಲೇ. ಮಾರನೇ ದಿನ ಎರಡು ಬಾಟಲ್ ರಕ್ತ ಬೇಕಾಯಿತು. ಕೊಟ್ಟವರಿಬ್ಬರ ಹೆಸರೂ ಆ ನೋಟ್ ಪುಸ್ತಕದಲ್ಲಿತ್ತು.