ದೇವಿಮನೆ ಘಟ್ಟದಲ್ಲಿ ಜೀಪು ಹೀಟ್ ಆಗುತ್ತಿದ್ದುದು ಯಾಕೆ: ನನ್ನ ಅನುಭವ

ಮೂರು ವರ್ಷ ಕಾಡಿದ ಹೀಟು ಕೊನೆಗೂ ಹೋಯಿತು. ಮೊನ್ನೆ ಕುಮಟೆಯಿಂದ ಹದಿಮೂರು ಚೀಲ ಸುಣ್ಣ ಹೇರಿಕೊಂಡು ದೇವಿಮನೆ ಘಟ್ಟ ಹತ್ತಿದೆ. ಮಟಮಟ ಮಧ್ಯಾಹ್ನ, ಹೆಚ್ಚಾಗಿ ಎರಡನೇ ಗೇರು, ಎಲ್ಲೂ ನಿಲ್ಲಿಸಲಿಲ್ಲ. ಮೇಲೆ ದೇವಸ್ಥಾನದ ಹತ್ತಿರ ಬಂದಾಗ ರೇಡಿಯೇಟರಿನ ಮೇಲಿನ ಹೋಸ್ (ಇಂಜಿನ್ನಿನಿಂದ ಬಿಸಿನೀರು ಬರುವ ರಬ್ಬರ್ ಪೈಪು) 93 ಡಿಗ್ರಿ, ತಣಿದ ನೀರು ವಾಪಸ್ ಹೋಗುವ ಕೆಳಗಿನದು 82. ಈ ಎರಡು ಅಂಕೆ ನೋಡಿ ನನಗೆಷ್ಟು ಖುಷಿಯಾಯಿತು ಅಂತ ಹಳೇ ಜೀಪು ಸಾಕಿದವರಿಗೆ ಗೊತ್ತಾಗುತ್ತದೆ. "ಅದನ್ನು ಗುಜರಿಗೆ ಹಾಕಿ ಪಿಕಪ್ ತಗೊಳ್ಳಿ" ಅಂದವರೇ ಜಾಸ್ತಿ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 1998ರದ್ದು, ಫೋರ್ ವೀಲ್, ಡಿಐ ಡೀಸೆಲ್ ಇಂಜಿನ್. ತೋಟದ ಸೊಪ್ಪು, ಗೊಬ್ಬರ, ಅಡಿಕೆ ಕೊನೆ ಎಲ್ಲ ಅದರಲ್ಲೇ. ಶಿರಸಿ ಪೇಟೆಗೆ ಹೋಗಿಬರಲು ಏನೂ ತಕರಾರಿಲ್ಲ. ಕತಗಾಲ ದಾಟಿ ಏರು ಶುರುವಾಗಿ ನಾಲ್ಕೈದು ಕಿಲೋಮೀಟರ್ ಆಯಿತೋ ಇಲ್ಲವೋ, ಹೀಟ್ ಮೀಟರಿನ ಮುಳ್ಳು ಕೆಂಪಿಗೆ. ನಿಲ್ಲಿಸಿ ಬಾನೆಟ್ ಎತ್ತಿದರೆ ಹತ್ತು ಹದಿನೈದು ನಿಮಿಷದಲ್ಲಿ ಇಳಿಯುತ್ತಿತ್ತು. ಗ್ಯಾರೇಜಿಗೆ ಒಯ್ದರೆ ಅಲ್ಲಿ ಎಷ್ಟು ಹೊತ್ತು ಓಡಿಸಿದರೂ ಹೀಟೇ ಇಲ್ಲ.

ದುಡ್ಡಿನ ಲೆಕ್ಕ ಹೇಳುತ್ತೇನೆ. ಮೊದಲು ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್) ಮತ್ತು ರೇಡಿಯೇಟರ್ ಕ್ಯಾಪ್, ಆರುನೂರರ ಹತ್ತಿರ. ಆಮೇಲೆ ವಾಟರ್ ಪಂಪ್, ಸಾವಿರದ ಎಂಟುನೂರು. ರೇಡಿಯೇಟರಿಗೆ ಹೊಸ ಕೋರ್ (ನೀರು ಹರಿದು ತಣಿಯುವ ಕೊಳವೆಗಳ ಭಾಗ) ಹಾಕಿಸಿದ್ದು ಆರೂವರೆ ಸಾವಿರ. ಇಷ್ಟಾದರೂ ಹೋಗದಿದ್ದಾಗ ಮೆಕ್ಯಾನಿಕ್ "ಹೆಗಡೇರೇ, ಹೆಡ್ ಬಿಚ್ಚದೆ ಇದು ಹೋಗೋದಲ್ಲ" ಅಂದರು. ಕ್ಯಾಪ್ ತೆಗೆದು ರೇಸ್ ಮಾಡಿದರೆ ಗುಳ್ಳೆ ಬರುತ್ತಿರಲಿಲ್ಲ, ಆಯಿಲ್ ಬಿಳಿಯಾಗಿರಲಿಲ್ಲ, ನೀರೂ ಸುಮ್ನೆ ಕಡಿಮೆಯಾಗುತ್ತಿರಲಿಲ್ಲ. ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ಡಿನ ಕೆಳಗಿನ ಸೀಲು) ಹೋದದ್ದಲ್ಲ ಅಂತ ನನಗೆ ಅನಿಸಿತ್ತು. ಆದರೂ ಕೊಯ್ಲು ಹತ್ತಿರ ಬಂದಿತ್ತು, ಒಪ್ಪಿಬಿಟ್ಟೆ. ಹನ್ನೊಂದು ಸಾವಿರ ಹೋಯಿತು. ಬಿಚ್ಚಿದ ಹಳೇ ಗ್ಯಾಸ್ಕೆಟ್ ಎಲ್ಲೂ ಸುಟ್ಟಿರಲಿಲ್ಲ, ನಾನೇ ಬೆಳಕಿಗೆ ಹಿಡಿದು ನೋಡಿದ್ದೇನೆ. ಅವತ್ತೇ ನಿರ್ಧರಿಸಿದೆ, ಇನ್ನು ಅಳತೆ ಮಾಡದೆ ಒಂದು ಬೋಲ್ಟನ್ನೂ ಬಿಚ್ಚಿಸುವುದಿಲ್ಲ ಅಂತ.

ಮೊದಲು ಮೀಟರನ್ನೇ ಪರೀಕ್ಷೆ ಮಾಡಿದೆ. ಮಳೆಗಾಲದಲ್ಲಿ ಮಂಜು ಕವಿದ ತಂಪು ಹೊತ್ತಲ್ಲೇ ಮುಳ್ಳು ಇನ್ನೂ ಮೇಲೆ ಹೋಗುತ್ತಿತ್ತು, ಅದು ತಲೆ ತಿನ್ನುತ್ತಿತ್ತು. ಒಂದು ಸಂಜೆ ಅಂಗಳದಲ್ಲಿ ಹೆಡ್‌ಲೈಟ್ ಹಾಕಿದೆ, ಮುಳ್ಳು ಟಕ್ಕನೆ ಒಂದು ಗೆರೆ ಮೇಲೆ. ಆರಿಸಿದೆ, ಕೆಳಗೆ. ಇಂಜಿನ್ ಅಷ್ಟು ಬೇಗ ಬಿಸಿಯಾಗಿ ತಣಿಯುತ್ತದಾ? ಮಂಜಲ್ಲಿ ಮುಳ್ಳು ಏರಿಸುತ್ತಿದ್ದುದೂ ಹೆಡ್‌ಲೈಟೇ. ಡ್ಯಾಶ್ ಹಿಂದಿನ ಅರ್ಥ್ (ಕರೆಂಟು ಬಾಡಿಗೆ ವಾಪಸ್ ಹೋಗುವ ಜೋಡಣೆ) ತುಕ್ಕು ಹಿಡಿದಿತ್ತು. ನಲವತ್ತು ರೂಪಾಯಿ ವೈರಲ್ಲಿ ಹೊಸ ಅರ್ಥ್ ಎಳೆದೆ. ಸೆನ್ಸರ್ ಬಿಚ್ಚಿ, ಅದರ ಮೈಗೂ ಒಂದು ಅರ್ಥ್ ವೈರ್ ಕಟ್ಟಿ, ಕುದಿಯುವ ನೀರಲ್ಲಿ ಅದ್ದಿ ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ಗುರುತು ಹಾಕಿಕೊಂಡೆ. ನಮ್ಮಲ್ಲಿ ನೀರು ಕುದಿಯುವುದು 98ರ ಆಸುಪಾಸು, ಘಟ್ಟದ ಮೇಲೆ ಅಲ್ವಾ. ಆ ಗುರುತು ಈಗಲೂ ಮೀಟರ್ ಗಾಜಿನ ಮೇಲಿದೆ.

ಇದರಿಂದ ಸುಳ್ಳು ಹೀಟು ಹೋಯಿತು, ನಿಜವಾದದ್ದು ಉಳಿಯಿತು. ಟೆಂಪರೇಚರ್ ಗನ್ ತಂದು ಘಟ್ಟದ ನಡುವೆ ನಿಲ್ಲಿಸಿ ಹಿಡಿದು ನೋಡಿದೆ. ಪ್ರಯೋಜನ ಆಗಲಿಲ್ಲ. ಇಳಿದು ಬಾನೆಟ್ ಎತ್ತುವಷ್ಟರಲ್ಲಿ ಇಂಜಿನ್ ಐಡಲಿಗೆ ಬಂದು ಎಲ್ಲ ಸರಿಹೋಗಿರುತ್ತದೆ. ಹೊಳೆಯುವ ಹಿತ್ತಾಳೆಗೆ ಹಿಡಿದರೆ ಗನ್ ಕಡಿಮೆ ತೋರಿಸುತ್ತದೆ, ಕರಿ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಬೇಕು. ನನಗೆ ಬೇಕಾದದ್ದು ಓಡುವಾಗಿನ ಅಂಕೆ. ಕೊನೆಗೆ ಟೆಂಪರೇಚರ್ ವೈರ್ ಹಾಕಬಹುದಾದ ಎರಡು ಮಲ್ಟಿಮೀಟರ್ ತಂದೆ, ಒಂದಕ್ಕೆ ಆರುನೂರರ ಹತ್ತಿರ. ಒಂದು ವೈರಿನ ತುದಿಯನ್ನು ಇಂಜಿನ್ ಕಡೆಯ ಮೇಲಿನ ಹೋಸಿನ ಮೂತಿಗೆ, ಇನ್ನೊಂದನ್ನು ರೇಡಿಯೇಟರಿನ ಕೆಳಗಿನ ಮೂತಿಗೆ ಇಟ್ಟು, ಮೇಲೆ ಹತ್ತಿ ಸುತ್ತಿ ಬಿಗಿಯಾಗಿ ಕಟ್ಟಿದೆ. ಜೊತೆಗೆ ಬರುವ ವೈರ್ ಒಂದು ಮೀಟರ್ ಅಷ್ಟೇ. ನಾನು ತಾಮ್ರದ ವೈರ್ ಗಂಟು ಹಾಕಿ ಉದ್ದ ಮಾಡಿದೆ, ಒಂದು ಟ್ರಿಪ್ ಪೂರ್ತಿ ದಂಡ. ಗಂಟು ಬಾನೆಟ್ ಒಳಗೆ ಬಿಸಿಯಾಗಿ ಅಂಕೆ ಇಪ್ಪತ್ತು ಡಿಗ್ರಿ ಕಡಿಮೆ ಬರುತ್ತಿತ್ತು. ಈ ಟೆಂಪರೇಚರ್ ವೈರ್ (ಕೆ ಟೈಪ್ ಅನ್ನುತ್ತಾರೆ) ಉದ್ದದ್ದೇ ಸಿಗುತ್ತದೆ, ಅದನ್ನೇ ತನ್ನಿ.

ಅಣ್ಣನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೋಡ್ ಸಮೇತ ಹೊರಟೆ. ಕತಗಾಲದಲ್ಲಿ ಮೇಲಿನದು 84, ಕೆಳಗಿನದು 75. ಏರು ಹಿಡಿದ ಮೇಲೆ 92, 71. ಅವನು "ಅಪ್ಪಚ್ಚಿ, ಕೆಳಗಿಂದು ಇಳೀತಾ ಇದ್ದು!" ಅಂದ. ನಾನು ನಂಬಲಿಲ್ಲ, ಮತ್ತೆ ಓದಿಸಿದೆ. ಅರ್ಧ ಘಟ್ಟಕ್ಕೆ 99, 66. ತುದಿ ಹತ್ತಿರ 106, 63. ಇಂಜಿನ್ ಕುದಿಯಲು ಬಂದಿದೆ, ರೇಡಿಯೇಟರಿನ ಬುಡ ಮಾತ್ರ ತಣಿಯುತ್ತಲೇ ಇದೆ!

ಗುಟ್ಟೇ ಇದು. ಮೇಲೆ ಕೆಳಗೆ ಎರಡೂ ಬಿಸಿ, ವ್ಯತ್ಯಾಸ ಕಡಿಮೆ ಅಂದರೆ ಗಾಳಿ ಸಾಲುತ್ತಿಲ್ಲ. ಫಿನ್ (ರೇಡಿಯೇಟರಿನ ತೆಳು ತಗಡುಗಳು), ಫ್ಯಾನ್, ಬೆಲ್ಟ್, ಶ್ರೌಡ್ (ಫ್ಯಾನ್ ಸುತ್ತಲಿನ ಕವಚ) ನೋಡಬೇಕು. ವ್ಯತ್ಯಾಸ ಇಪ್ಪತ್ತೈದು ಮೂವತ್ತು ದಾಟಿದರೆ ರೇಡಿಯೇಟರ್ ತನ್ನ ಕೆಲಸ ಮಾಡುತ್ತಿದೆ, ನೀರೇ ತಿರುಗುತ್ತಿಲ್ಲ. ನನ್ನದರಲ್ಲಿ ಪಂಪ್ ಹೊಸದು, ಕೋರ್ ಹೊಸದು, ಥರ್ಮೋಸ್ಟಾಟನ್ನು ಪಾತ್ರೆಯಲ್ಲಿ ಕುದಿಸಿ ನೋಡಿದ್ದೆ, 82ಕ್ಕೆ ಬಾಯಿ ಬಿಡುತ್ತಿತ್ತು. ಉಳಿದದ್ದು ಕೆಳಗಿನ ಹೋಸ್ ಒಂದೇ.

ಮನೆಗೆ ಬಂದು, ಇಂಜಿನ್ ಬಿಸಿ ಇರುವಾಗಲೇ, ಹುಡುಗನಿಗೆ ನಿಧಾನ ರೇಸ್ ಕೊಡು ಅಂದು ನಾನು ಬಂಪರ್ ಕೆಳಗೆ ಟಾರ್ಚ್ ಹಿಡಿದು ಮಲಗಿದೆ. ಐಡಲಲ್ಲಿ ಹೋಸ್ ಗುಂಡಗಿತ್ತು. ರೇಸ್ ಏರಿದ ಹಾಗೆ ನಡುವೆ ಒಂದು ಕುಳಿ ಬಿತ್ತು, ಇನ್ನೂ ಏರಿದಾಗ ಮಗು ಕೆನ್ನೆ ಒಳಗೆಳೆದುಕೊಂಡ ಹಾಗೆ ಎರಡೂ ಬದಿ ಒಳಗೆ ಹೋಗಿ ಚಪ್ಪಟೆಯಾಯಿತು. ಕಾಲು ತೆಗೆದ, ಪಟ್ ಅಂತ ಮತ್ತೆ ಗುಂಡಗೆ. ಯಾವ ಮೆಕ್ಯಾನಿಕ್ ಕಣ್ಣಿಗೂ ಯಾಕೆ ಬಿದ್ದಿಲ್ಲ ಅಂತ ಆಗ ತಿಳಿಯಿತು. ಮೂರು ವರ್ಷದ ಹಿಂದೆ ಆ ಹೋಸ್ ಒಡೆದಾಗ ಪೇಟೆಯಲ್ಲಿ ಸಿಕ್ಕಿದ್ದು ಹಾಕಿಸಿದ್ದೆ. ಹಳೆಯದರ ಒಳಗಿದ್ದ ಸ್ಪ್ರಿಂಗ್ ಹಳೇ ಹೋಸಿನ ಜೊತೆಗೇ ಹೋಗಿತ್ತು. ಪಂಪ್ ಎಳೆಯುವ ಬದಿ ಅದು, ಸ್ಪ್ರಿಂಗ್ ಇಲ್ಲದಿದ್ದರೆ ಮೆತ್ತನೆ ರಬ್ಬರ್ ನಿಲ್ಲುವುದಿಲ್ಲ. ತಣಿದ ಮೇಲೆ ಹೋಸ್ ಚಪ್ಪಟೆಯಾಗುವುದು ಬೇರೆ ಕಥೆ, ಅದು ಕ್ಯಾಪಿನ ದೋಷ. ಎರಡನ್ನೂ ಸೇರಿಸಬೇಡಿ.

ದಪ್ಪದ ಹೊಸ ಹೋಸ್ ಮುನ್ನೂರೈವತ್ತು. ಸ್ಪ್ರಿಂಗ್ ನಾನೇ ಸ್ಟೀಲ್ ತಂತಿಯಲ್ಲಿ ಸುತ್ತಿದೆ. ಯಾವ ಗೇಜು, ಬಾಗಿದ ಜಾಗದಲ್ಲಿ ಸರಿಯದ ಹಾಗೆ ಹೇಗೆ ಕೂರಿಸಿದೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ. ಇಪ್ಪತ್ತು ಸಾವಿರ ಸುರಿದದ್ದಕ್ಕೆ ಆಗದ್ದು, ಮಲ್ಟಿಮೀಟರ್ ಸೇರಿ ಎರಡು ಸಾವಿರದೊಳಗೆ ಆಯಿತು.

ನಡುವೆ ಬೇರೆ ಪ್ರಯೋಗಗಳೂ ಆದವು. ಎಣ್ಣೆ ಡಬ್ಬದ ತಗಡು ಕತ್ತರಿಸಿ ಶ್ರೌಡ್ ಮಾಡಿದೆ, ನಿಧಾನ ಏರಿನಲ್ಲಿ ನಾಲ್ಕು ಡಿಗ್ರಿ ಇಳಿಯಿತು, ಈಗಲೂ ಇದೆ. ಮುರುಗಲ ಸಿಪ್ಪೆ ಕುದಿಸಿದ ನೀರಲ್ಲಿ ಹಳೇ ಕೋರಿನ ತುಂಡನ್ನು ಎರಡು ದಿನ ನೆನೆಸಿಟ್ಟೆ. ಒಳಗಿನ ಬಿಳಿ ಹಕ್ಕಳೆ ಮೆತ್ತಗಾಗಿ ಕಡ್ಡಿಯಲ್ಲಿ ಕೆರೆದರೆ ಬಂತು. ಇಂಜಿನ್ನಿಗೆ ಹಾಕುವ ಧೈರ್ಯ ಮಾಡಿಲ್ಲ, ಇನ್ನೊಂದು ಸೀಸನ್ ನೋಡುತ್ತೇನೆ.

ಹೋದ ವಾರ ರಾಗಿಹೊಸಳ್ಳಿ ಕಡೆಯ ಪರಿಚಯದವರು ಅವರ ಜೀಪು ತಂದಿದ್ದರು, ಹೆಡ್ ಬಿಚ್ಚಲು ದಿನ ನಿಗದಿಯಾಗಿತ್ತು. ಎರಡು ವೈರ್ ಕಟ್ಟಿ ಏರಿಗೆ ಒಯ್ದೆವು. ಮೇಲೆ 103, ಕೆಳಗೆ 99. ವ್ಯತ್ಯಾಸ ನಾಲ್ಕೇ. ರೇಡಿಯೇಟರ್ ಇಳಿಸಿ ಹಿಂದಿನಿಂದ ನೀರು ಬಿಟ್ಟಾಗ ಫಿನ್ ಸಂದಿಯಿಂದ ಕೆಂಪು ಮಣ್ಣು, ಹುಲ್ಲಿನ ಬೀಜ ಬುಟ್ಟಿಗಟ್ಟಲೆ ಇಳಿಯಿತು. ಮರುದಿನ ಅದೇ ಏರಿನಲ್ಲಿ ಮೇಲಿನದು 91.