ಅಪ್ಪನ ರಿಟೈರ್‌ಮೆಂಟ್ ವಿಡಿಯೊಗೆ ದೂರ ಸಾಗುವ ಅಕ್ಷರಗಳು

ನಮ್ಮಪ್ಪ ಬಸ್ ಡ್ರೈವರ್. ಅವರು ರಿಟೈರ್ ಆದಾಗ ಮನೆಯಲ್ಲಿ ಹಾಕಲು ಒಂದು ವಿಡಿಯೊ ಮಾಡಿದೆ. ಶುರುವಿನಲ್ಲಿ ‘ಸ್ಟಾರ್ ವಾರ್ಸ್’ ಸಿನಿಮಾದ ಥರ ಹಳದಿ ಅಕ್ಷರಗಳು ಕೆಳಗಿನಿಂದ ಎದ್ದು, ಸಣ್ಣದಾಗುತ್ತಾ ದೂರ ಹೋಗಬೇಕು ಅಂತ ಆಸೆ. ‘ಹಾಸನ ಡಿಪೋ, ಬೆಳಗಿನ ಜಾವ ನಾಲ್ಕು ಗಂಟೆ...’

ಮೊದಲು ಒಂದು ಎಡಿಟಿಂಗ್ ಸಾಫ್ಟ್‌ವೇರಿನಲ್ಲೇ ಟೈಪ್ ಮಾಡಿದೆ. ‘ನಿವೃತ್ತಿ’ ಹೋಗಿ ‘ನಿವೃತ್ ತಿ’ ಆಯಿತು. ‘ಡ್ರೈವರ್’ ನೋಡುವ ಹಾಗೇ ಇರಲಿಲ್ಲ. ಒತ್ತಕ್ಷರಗಳೆಲ್ಲ ಕಳಚಿಕೊಂಡಿದ್ದವು. ಅದಕ್ಕೇ ದಾರಿ ಬದಲಿಸಿದೆ: ಬರಹವನ್ನು ಮೊದಲು ಚಿತ್ರ ಮಾಡುವುದು, ಆಮೇಲೆ ಆ ಚಿತ್ರವನ್ನು ನೆಲದ ಮೇಲೆ ಮಲಗಿಸುವುದು. 1977ರಲ್ಲಿ ಆ ಸಿನಿಮಾದವರೂ ಇದನ್ನು ಕಂಪ್ಯೂಟರಿನಲ್ಲಿ ಮಾಡಲಿಲ್ಲ. ನಿಜವಾದ ಅಕ್ಷರಗಳನ್ನು ಮಲಗಿಸಿ, ಅವುಗಳ ಮೇಲೆ ಕ್ಯಾಮೆರಾ ಸಾಗಿಸಿದ್ದರು.

ನಾನು ಬಳಸಿದ್ದು ಮೂರು ಸಾಫ್ಟ್‌ವೇರ್: ಬರಹವನ್ನು ಚಿತ್ರ ಮಾಡಲು ಇಂಕ್‌ಸ್ಕೇಪ್, ಅದನ್ನು ಮಲಗಿಸಿ ಓಡಿಸಲು ಬ್ಲೆಂಡರ್, ಕೊನೆಗೆ ವಿಡಿಯೊ ಜೋಡಿಸಲು ಕೆಡೆನ್‌ಲೈವ್. ಮೂರೂ ಪುಕ್ಕಟೆ.

ಇಂಕ್‌ಸ್ಕೇಪಿನಲ್ಲಿ ಪುಟದ ಅಳತೆ 1920 × 6000 ಪಿಕ್ಸೆಲ್ ಇಡಿ. ಫಾಂಟ್ ನೋಟೊ ಸಾನ್ಸ್ ಕನ್ನಡ, ಬೋಲ್ಡ್, 140 ಪಿಕ್ಸೆಲ್. ತೆಳು ಅಕ್ಷರ ದೂರ ಹೋದಂತೆ ಕರಗಿಬಿಡುತ್ತದೆ. ಸಾಲುಗಳ ಅಂತರ 1.7ರಷ್ಟಾದರೂ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎರಡೂ ಅಂಚು ಸಮ ಮಾಡಿದರೆ ಚೆಂದ, ಆದರೆ ಕನ್ನಡದ ಪದಗಳು ಉದ್ದ ಅಲ್ವಾ? ಸಾಲಿಗೆ ಮೂರೇ ಪದ ಹಿಡಿಯುತ್ತವೆ, ನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ ಜಾಗ. ‘ಕಾರ್ಯನಿರ್ವಹಿಸುತ್ತಿದ್ದರು’ ತೆಗೆದು ‘ಕೆಲಸದಲ್ಲಿದ್ದರು’ ಅಂತ ಬರೆದೆ, ಸಾಲು ಸರಿಹೋಯಿತು. ಒಟ್ಟು 75 ಪದ ಸಾಕು. ಹಿನ್ನೆಲೆ ಪಾರದರ್ಶಕವಾಗಿಯೇ ಇಟ್ಟು ಪಿಎನ್‌ಜಿ (ಪಾರದರ್ಶಕತೆ ಉಳಿಸಿಕೊಳ್ಳುವ ಚಿತ್ರದ ಫೈಲ್) ಮಾಡಿ.

ಬ್ಲೆಂಡರ್ ತೆರೆದಾಗ ತಾನಾಗಿಯೇ ಬರುವ ಕ್ಯೂಬ್ ಅಳಿಸಿ. ಆಡ್, ಇಮೇಜ್, ಮೆಶ್ ಪ್ಲೇನ್ ಒತ್ತಿ ಆ ಪಿಎನ್‌ಜಿ ತನ್ನಿ. ತರುವಾಗಲೇ ಹೈಟ್ 11, ಮೆಟೀರಿಯಲ್ ಎಮಿಷನ್ ಅಂತ ಕೊಡಿ. ಆಗ ಅಕ್ಷರಗಳು ತಾವೇ ಹೊಳೆಯುತ್ತವೆ, ಲೈಟಿನ ಗೊಡವೆ ಇಲ್ಲ. ಬಂದ ಮೇಲೆ ರೊಟೇಷನ್ ಮೂರನ್ನೂ ಸೊನ್ನೆ ಮಾಡಿ, ಚಿತ್ರ ಮಲಗುತ್ತದೆ. ಕ್ಯಾಮೆರಾದ ಲೊಕೇಷನ್ 0, 0, 2. ರೊಟೇಷನ್ 74, 0, 0. ಲೆನ್ಸಿನ ಫೋಕಲ್ ಲೆಂತ್ 35. ಇಷ್ಟಕ್ಕೆ ದಿಗಂತ ಫ್ರೇಮಿನ ಮೇಲಂಚಿಗೆ ಬರುತ್ತದೆ, ಅಕ್ಷರಗಳು ಕೆಳಗೆ ಅಗಲ ತುಂಬುತ್ತವೆ. ಲೆನ್ಸ್ ಮೊದಲಿದ್ದ 50ರಲ್ಲೇ ಬಿಟ್ಟರೆ ಸಾಲುಗಳು ಮೇಲೆ ಹೋಗುತ್ತಾ ಇಷ್ಟು ಚೂಪಾಗುವುದಿಲ್ಲ.

ಈಗ ಓಡಿಸುವುದು. ಫ್ರೇಮ್ ರೇಟ್ 25, ಕೊನೆಯ ಫ್ರೇಮ್ 2250, ಅಂದರೆ 90 ಸೆಕೆಂಡ್. ಮೊದಲ ಫ್ರೇಮಿನಲ್ಲಿ ಚಿತ್ರದ ಲೊಕೇಷನ್‌ನ ವೈ ಬೆಲೆ -2.5 ಮಾಡಿ, ಅದರ ಮೇಲೆ ಮೌಸ್ ಇಟ್ಟು ಕೀಬೋರ್ಡಿನ ಐ ಒತ್ತಿ, ಆ ಜಾಗಕ್ಕೆ ‘ಕೀಫ್ರೇಮ್’ ಎಂಬ ಗುರುತು ಬೀಳುತ್ತದೆ. ಕೊನೆಯ ಫ್ರೇಮಿನಲ್ಲಿ 25.5 ಮಾಡಿ ಮತ್ತೆ ಐ. ಮೊದಲು ನಾನು 60 ಸೆಕೆಂಡ್ ಇಟ್ಟಿದ್ದೆ. ಅಮ್ಮನಿಗೆ ಗಟ್ಟಿಯಾಗಿ ಓದಲು ಹೇಳಿದೆ. ನಾಲ್ಕನೇ ಸಾಲಿಗೇ ‘ಎಕ್ಸ್‌ಪ್ರೆಸ್ ಬಸ್ಸಾ ಇದು?’ ಅಂದರು.

ಇಲ್ಲೊಂದು ಕಿರಿಕಿರಿ ಇದೆ. ಬ್ಲೆಂಡರ್ ತಾನಾಗಿಯೇ ಚಲನೆಯನ್ನು ನಿಧಾನವಾಗಿ ಶುರು ಮಾಡಿ, ನಡುವೆ ಜೋರು ಮಾಡಿ, ಕೊನೆಗೆ ಬ್ರೇಕ್ ಹಾಕುತ್ತದೆ. ನಮಗೆ ಒಂದೇ ವೇಗ ಬೇಕು. ಟೈಮ್‌ಲೈನಿನಲ್ಲಿ ಎರಡೂ ಕೀಫ್ರೇಮ್ ಆರಿಸಿ, ಟಿ ಒತ್ತಿ, ಲೀನಿಯರ್ ಕೊಡಿ. ಹಳದಿ ಮಂಕಾಗಿ ಕಂಡರೆ ವ್ಯೂ ಟ್ರಾನ್ಸ್‌ಫಾರ್ಮನ್ನು, ಅಂದರೆ ಬ್ಲೆಂಡರ್ ಬಣ್ಣ ತೋರಿಸುವ ಬಗೆಯನ್ನು, ಸ್ಟ್ಯಾಂಡರ್ಡ್ ಮಾಡಿ. ಇದು ಗೊತ್ತಿಲ್ಲದೆ ನಾನು ಸುಮ್ನೆ ಅರ್ಧ ದಿನ ಬಣ್ಣ ಬದಲಿಸುತ್ತಾ ಕೂತಿದ್ದೆ.

ಫಿಲ್ಮ್ ವಿಭಾಗದಲ್ಲಿ ಟ್ರಾನ್ಸ್‌ಪರೆಂಟ್ ಟಿಕ್ ಮಾಡಿ. ಔಟ್‌ಪುಟ್ ಪಿಎನ್‌ಜಿ, ಆರ್‌ಜಿಬಿಎ (ಬಣ್ಣದ ಜೊತೆ ಪಾರದರ್ಶಕತೆಯೂ ಉಳಿಯಲು). ನೇರವಾಗಿ ವಿಡಿಯೊ ಫೈಲ್ ಮಾಡಬೇಡಿ. ರೆಂಡರ್ (ಒಂದೊಂದೇ ಫ್ರೇಮನ್ನು ಚಿತ್ರ ಮಾಡುವ ಕೆಲಸ) ಮಧ್ಯೆ ಕರೆಂಟ್ ಹೋದರೆ ವಿಡಿಯೊ ಫೈಲ್ ಹಾಳು. ಪಿಎನ್‌ಜಿ ಆದರೆ ನಿಂತ ಫ್ರೇಮಿನಿಂದ ಮುಂದುವರಿಸಬಹುದು. ನನಗೆ ಎರಡು ಸಲ ಹೋಯಿತು.

ಕೆಡೆನ್‌ಲೈವಿನಲ್ಲಿ ಆ ಪಿಎನ್‌ಜಿಗಳನ್ನು ಇಮೇಜ್ ಸೀಕ್ವೆನ್ಸ್ (ಚಿತ್ರಗಳ ಸರಣಿ) ಆಗಿ ತಂದು ಮೇಲಿನ ಟ್ರ್ಯಾಕಿನಲ್ಲಿ ಹಾಕಿ. ಕೆಳಗೆ ನಕ್ಷತ್ರ ಹಾಕಬಹುದು. ನಾನು ಹಾಕಿದ್ದು ರಾತ್ರಿ ತೆಗೆದ ಶಿರಾಡಿ ಘಾಟಿಯ ರಸ್ತೆ. ತೀರಾ ಮೇಲೆ ಅಕ್ಷರಗಳು ಇರುವೆ ಸಾಲಿನಂತೆ ಮಿನುಗುತ್ತವೆ. ಇಂಕ್‌ಸ್ಕೇಪಿನಲ್ಲೇ ಒಂದು ಪಟ್ಟಿ ಮಾಡಿ: ಮೇಲೆ ಪೂರ್ತಿ ಕಪ್ಪು, ಕೆಳಗೆ ಬರುತ್ತಾ ಪಾರದರ್ಶಕ. ಅದನ್ನು ಎಲ್ಲಕ್ಕಿಂತ ಮೇಲಿನ ಟ್ರ್ಯಾಕಿನಲ್ಲಿಟ್ಟು ಫ್ರೇಮಿನ ಮೇಲಿನ ಕಾಲು ಭಾಗ ಮುಚ್ಚಿದರೆ ಅಕ್ಷರಗಳು ಕತ್ತಲಲ್ಲಿ ಮೆಲ್ಲಗೆ ಮರೆಯಾಗುತ್ತವೆ.